ಹಿತ್ತಲಿಗೂ ಒಂದು ಪಾಲು ನೀರು
ಅಡಿಕೆ ಬೆಳೆಗಾರರ ಮನೆಯ ಕೈತೋಟ: ದಿನಗೆಲಸಗಳು ಮತ್ತು ಸಣ್ಣಪುಟ್ಟ ಏರ್ಪಾಡುಗಳು



"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಕೈಗೆಟುಕುವ ವಸ್ತುವಿಗೆ ಬೆಲೆ ಕೊಡದ ಮನುಷ್ಯ ಸ್ವಭಾವವನ್ನು ಹಿರಿಯರು ಈ ಮಾತಿನಲ್ಲಿ ಹಾಸ್ಯ ಮಾಡಿದ್ದಾರೆ. ಗುಬ್ಬಿ, ಕುಣಿಗಲ್ ಮತ್ತು ತುಮಕೂರು ಸುತ್ತಿನ ಎಷ್ಟೋ ಊರುಗಳಲ್ಲಿ ಈಗ ಈ ಗಾದೆ ಹೇಳಲು ಹಿತ್ತಲೇ ಉಳಿದಿಲ್ಲ. ಕೊಳವೆಬಾವಿ ಬಂದ ಮೇಲೆ ರಾಗಿಯ ಹೊಲಗಳು ತೋಟಗಳಾದವು. ತೋಟ ಬೆಳೆಯುತ್ತ ಬೆಳೆಯುತ್ತ ಅಡುಗೆಮನೆಯ ಗೋಡೆಯವರೆಗೂ ಬಂದು ನಿಂತಿತು. ಬದನೆ, ಅವರೆ, ಬಸಳೆ ಇದ್ದ ಜಾಗದಲ್ಲಿ ಈಗ ನಾಲ್ಕು ಅಡಿಕೆ ಸಸಿ ಹೆಚ್ಚಾಗಿ ನಿಂತಿವೆ. ಅಡಿಕೆಯನ್ನು ಕ್ವಿಂಟಾಲಿನಲ್ಲಿ ಮಾರುವ ಮನೆಯವರು ಕೊತ್ತಂಬರಿ ಸೊಪ್ಪಿನ ಕಟ್ಟಿಗಾಗಿ ಸಂತೆಯ ದಿನವನ್ನು ಕಾಯುತ್ತಾರೆ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಇದರ ಕಷ್ಟ ಸ್ಪಷ್ಟವಾಗಿ ಕಾಣುತ್ತದೆ. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ 2023ರಂತಹ ವರ್ಷದಲ್ಲಿ ತೋಟ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಹೊಡೆಸುತ್ತೇವೆ. ಆದರೆ ಮೊದಲು ನೀರು ನಿಲ್ಲುವುದು ಹಿತ್ತಲಿಗೆ. ಅದೇ ಹೊತ್ತಿಗೆ ಪೇಟೆಯಲ್ಲಿ ತರಕಾರಿಯ ಬೆಲೆಯೂ ಏರಿರುತ್ತದೆ. ಅಂದರೆ ಕೈಯಲ್ಲಿ ಹಣ ಕಡಮೆ ಇರುವ ವರ್ಷವೇ ಸಾರಿನ ಪಾತ್ರೆಗೆ ಹೆಚ್ಚು ಹಣ ಹೋಗುತ್ತದೆ. ಹಿತ್ತಲ ನೀರನ್ನು ನಿಲ್ಲಿಸಿ ತೋಟಕ್ಕೆ ಎಷ್ಟು ಉಳಿಸಿದೆವು ಎಂದು ಲೆಕ್ಕ ಹಾಕಿ ನೋಡಿದವರು ಕಡಮೆ. ಆದ್ದರಿಂದ ಮೊದಲು ಆ ಲೆಕ್ಕವನ್ನೇ ನೋಡೋಣ.

ನೀರಿನ ಲೆಕ್ಕ

ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಜಾಗವನ್ನು ಹಿತ್ತಲೆಂದು ಇಟ್ಟುಕೊಳ್ಳೋಣ. ಇದು ಅರ್ಧ ಗುಂಟೆಯೂ ಆಗುವುದಿಲ್ಲ. ಮೂರು ಅಡಿ ಅಗಲದ ಒಂದು ಪಾತಿ, ಪಕ್ಕದಲ್ಲಿ ಒಂದು ಅಡಿ ಕಾಲುದಾರಿ, ಈ ಕ್ರಮದಲ್ಲಿ ಐದು ಪಾತಿಗಳು ಇದರಲ್ಲಿ ಹಿಡಿಸುತ್ತವೆ. ಪಾತಿಗಳ ಒಟ್ಟು ವಿಸ್ತೀರ್ಣ 300 ಚದರ ಅಡಿ, ಅಂದರೆ ಸುಮಾರು 28 ಚದರ ಮೀಟರ್. ಮೇಲೆ ಹೊದಿಕೆ ಹಾಕಿದ ಪಾತಿಗೆ ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 4ರಿಂದ 5 ಲೀಟರ್ ನೀರು ಸಾಕು. ಒಟ್ಟು 110ರಿಂದ 140 ಲೀಟರ್ ಆಯಿತು.

ಹನಿ ನೀರಾವರಿಯಲ್ಲಿ ಫಲ ಕೊಡುವ ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ನೀರು ಕೊಡುವುದು ವಾಡಿಕೆ. ಹಾಗಾದರೆ ಇಡೀ ಹಿತ್ತಲು ಕುಡಿಯುವ ನೀರು ಏಳೆಂಟು ಅಡಿಕೆ ಮರಗಳ ನೀರಿಗೆ ಸಮ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಒಂದು ಎಕರೆ ತೋಟದಲ್ಲಿ ಐನೂರಕ್ಕೂ ಹೆಚ್ಚು ಮರಗಳಿರುತ್ತವೆ. ಹಿತ್ತಲಿನ ಪಾಲು ನೂರಕ್ಕೆ ಎರಡೂ ಆಗುವುದಿಲ್ಲ. ಇಷ್ಟು ಅಲ್ಪ ನೀರನ್ನು ನಿಲ್ಲಿಸಿದ್ದರಿಂದ ತೋಟ ಉಳಿಯುವುದೂ ಇಲ್ಲ, ಕೊಟ್ಟಿದ್ದರಿಂದ ತೋಟ ಒಣಗುವುದೂ ಇಲ್ಲ.

ಅದಕ್ಕೂ ಮಿಗಿಲಾಗಿ, ಈ ನೀರನ್ನು ಕೊಳವೆಬಾವಿಯಿಂದಲೇ ಕೊಡಬೇಕೆಂದೂ ಇಲ್ಲ. ಐದು ಜನರಿರುವ ಮನೆಯಲ್ಲಿ ತಲೆಗೆ 25 ಲೀಟರಿನಂತೆ ಸ್ನಾನ ಮಾಡಿದರೂ ದಿನಕ್ಕೆ 125 ಲೀಟರ್ ನೀರು ಬಚ್ಚಲಿನಿಂದ ಹೊರಗೆ ಹರಿಯುತ್ತದೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಬೇರೆ. ಹಿತ್ತಲಿಗೆ ಬೇಕಾದಷ್ಟು ನೀರು ಮನೆಯಿಂದಲೇ ದಿನವೂ ಹೊರಗೆ ಹೋಗಿ ಮೋರಿ ಸೇರುತ್ತಿದೆ. ಅದನ್ನು ಪಾತಿಯ ಕಡೆಗೆ ತಿರುಗಿಸುವುದೇ ಕೈತೋಟದ ಮೊದಲ ಏರ್ಪಾಡು.

ಬಚ್ಚಲ ನೀರಿಗೆ ದಾರಿ

ಬಚ್ಚಲ ನೀರನ್ನು ನೇರವಾಗಿ ಗಿಡದ ಬುಡಕ್ಕೆ ಬಿಡುವ ಹಳೆಯ ಪದ್ಧತಿಯಲ್ಲಿ ಸೀಗೆಪುಡಿ, ಕಡಲೆಹಿಟ್ಟಿನ ನೀರು ಹರಿಯುತ್ತಿತ್ತು. ಈಗ ಸಾಬೂನು, ಶಾಂಪೂ ಹರಿಯುತ್ತವೆ. ಆದ್ದರಿಂದ ನಡುವೆ ಒಂದು ಸೋಸುಗುಂಡಿ ಅಗತ್ಯ. ಬಚ್ಚಲ ತೂಬಿನಿಂದ ನಾಲ್ಕೈದು ಅಡಿ ದೂರದಲ್ಲಿ ಮೂರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿ ತೆಗೆದು ಬದಿಗಳಿಗೆ ಇಟ್ಟಿಗೆ ಅಥವಾ ಕಲ್ಲು ಕಟ್ಟಬೇಕು. ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಎಲ್ಲಕ್ಕೂ ಮೇಲೆ ಅರ್ಧ ಅಡಿ ದಪ್ಪ ಮರಳು ಹಾಸಬೇಕು. ನೀರು ಮರಳಿನ ಮೇಲೆ ಬಿದ್ದು ಇಳಿದು, ಇನ್ನೊಂದು ಬದಿಯ ಕೊಳವೆಯಿಂದ ಹೊರಬಂದು ಕಾಲುವೆ ಸೇರುವಂತಿರಬೇಕು. ಹೊರಗಿನ ಕೊಳವೆ ಒಳಬರುವ ಕೊಳವೆಗಿಂತ ಒಂದು ಗೇಣು ಕೆಳಗಿರಲಿ. ಇಲ್ಲದಿದ್ದರೆ ನೀರು ಬಚ್ಚಲಿಗೇ ಹಿಂದಿರುಗುತ್ತದೆ.

ಪಾತ್ರೆ ತೊಳೆದ ನೀರಿನಲ್ಲಿ ಅನ್ನದ ಅಗುಳು, ಎಣ್ಣೆಯ ಜಿಡ್ಡು ಇರುವುದರಿಂದ ಅದನ್ನು ಮೊದಲು ತೆಂಗಿನ ನಾರು ತುಂಬಿದ ತೂತಿನ ಬಕೆಟ್ಟಿನ ಮೂಲಕ ಹಾಯಿಸಬೇಕು. ನಾರನ್ನು ವಾರಕ್ಕೊಮ್ಮೆ ಬದಲಾಯಿಸಿ ಹಳೆಯದನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಮರಳಿನ ಮೇಲ್ಪದರವನ್ನು ತಿಂಗಳಿಗೊಮ್ಮೆ ಕೆದಕಿ, ಕಟ್ಟಿದ ಜಿಡ್ಡನ್ನು ತೆಗೆಯತಕ್ಕದ್ದು.

ಇದರಲ್ಲಿ ಪಾಲಿಸಬೇಕಾದ ನಿಯಮಗಳು ನಾಲ್ಕು. ಒಂದು: ಈ ನೀರನ್ನು ತೊಟ್ಟಿಯಲ್ಲಿ ಕೂಡಿಡಬಾರದು. ಒಂದು ದಿನ ಮೀರಿದರೆ ನಾರುತ್ತದೆ, ಸೊಳ್ಳೆಗಳಿಗೂ ಮನೆಯಾಗುತ್ತದೆ. ಎರಡು: ಬುಡಕ್ಕೆ ಹರಿಯಬೇಕೇ ಹೊರತು ಎಲೆಯ ಮೇಲೆ ಎರಚಬಾರದು. ಮೂರು: ಬಟ್ಟೆ ಒಗೆದ ಸೋಪಿನ ಪುಡಿಯ ನೀರು, ಬ್ಲೀಚಿಂಗ್ ಪುಡಿ ಅಥವಾ ಫಿನಾಯಿಲ್ ಬೆರೆತ ನೀರು ಪಾತಿಗೆ ಬೇಡ. ಪಾಯಿಖಾನೆಯ ನೀರು ಇದರ ಹತ್ತಿರವೂ ಬರಬಾರದು. ನಾಲ್ಕು: ಬಾಳೆ, ಕೆಸವು, ಪರಂಗಿ, ಬದನೆ, ಚಪ್ಪರದ ಬಳ್ಳಿಗಳಿಗೆ ಬಚ್ಚಲ ನೀರು; ಕೊತ್ತಂಬರಿ, ಮೂಲಂಗಿ, ಸೊಪ್ಪುಗಳಿಗೆ ಅಕ್ಕಿ ತೊಳೆದ ನೀರು ಅಥವಾ ಒಳ್ಳೆಯ ನೀರು. ಎರಡನ್ನೂ ಬೆರೆಸದೆ ಬೇರೆ ಬೇರೆ ಪಾತಿಗಳಿಗೆ ಕೊಡುವುದೇ ಸರಿಯಾದ ಕ್ರಮ.

ಮಣ್ಣಿಗೆ ತಕ್ಕ ಪಾತಿ

ಒಂದೇ ಜಿಲ್ಲೆಯಾದರೂ ಎಲ್ಲ ಕಡೆಯ ನೆಲ ಒಂದೇ ತರದ್ದಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರು, ಹಾಗಲವಾಡಿ ಕಡೆಯ ಕೆಂಪು ಮರಳುಮಿಶ್ರಿತ ಮಣ್ಣು ನೀರನ್ನು ಬೇಗ ಕೆಳಗೆ ಬಿಟ್ಟುಬಿಡುತ್ತದೆ. ಮಳೆಯೂ ಕಡಮೆ. ಇಂತಹ ನೆಲದಲ್ಲಿ ಕಾಲುದಾರಿಗಿಂತ ನಾಲ್ಕು ಅಂಗುಲ ತಗ್ಗಾದ ಪಾತಿಯೇ ಲೇಸು. ಬಿದ್ದ ಮಳೆಯ ನೀರು, ಕೊಟ್ಟ ನೀರು ಎರಡೂ ಅಲ್ಲೇ ಇಂಗುತ್ತವೆ. ಪ್ರತಿ ಬಿತ್ತನೆಗೂ ಮುಂಚೆ ಪಾತಿಗೆ ಎರಡು ಮಂಕರಿ ಗೊಬ್ಬರ, ಕೆರೆಯ ಗೋಡು ಸಿಕ್ಕರೆ ಒಂದು ಮಂಕರಿ ಗೋಡು ಬೆರೆಸಿದರೆ ವರ್ಷ ವರ್ಷಕ್ಕೂ ಮಣ್ಣು ನೀರು ಹಿಡಿಯುವ ಶಕ್ತಿ ಪಡೆಯುತ್ತದೆ.

ಕುಣಿಗಲ್ ದೊಡ್ಡಕೆರೆಯ ಹಿಂದುಮುಂದು, ಮಾರ್ಕೋನಹಳ್ಳಿ ಜಲಾಶಯದ ಅಚ್ಚುಕಟ್ಟಿನ ಊರುಗಳಲ್ಲಿ ಮಾತೇ ಬೇರೆ. ಗದ್ದೆಗೆ ಅಂಟಿಕೊಂಡ ಮನೆಗಳ ಹಿತ್ತಲಿನಲ್ಲಿ ಮಳೆಗಾಲದಲ್ಲಿ ನೀರು ನಿಂತು, ಮೆಣಸಿನಕಾಯಿ ಮತ್ತು ಟೊಮೆಟೊ ಗಿಡಗಳು ಬೇರು ಕೊಳೆತು ಸಾಯುತ್ತವೆ. ಅಲ್ಲಿ ಅರ್ಧ ಅಡಿಯಿಂದ ಮುಕ್ಕಾಲು ಅಡಿ ಎತ್ತರಿಸಿದ ಏರುಮಡಿ ಮಾಡಬೇಕು. ಮಡಿಯ ಅಂಚು ಕುಸಿಯದಂತೆ ಅಡಿಕೆ ದಬ್ಬೆಗಳನ್ನು ಅಡ್ಡಲಾಗಿ ಹೂತು ನಿಲ್ಲಿಸಿದರೆ ಎರಡು ಮೂರು ವರ್ಷಕ್ಕೆ ಚಿಂತೆಯಿಲ್ಲ.

ತುಮಕೂರು ನಗರದಲ್ಲಿ ಸೈಟು ಕಟ್ಟಿಕೊಂಡು ನೆಲೆಸಿರುವ ನಮ್ಮ ಬೆಳೆಗಾರ ಕುಟುಂಬಗಳಿಗೆ ನೆಲವೇ ಇಲ್ಲ, ತಾರಸಿ ಮಾತ್ರ ಇದೆ. ಅವರು ಮೊದಲು ಗಮನಿಸಬೇಕಾದದ್ದು ಭಾರವನ್ನು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಅಡಿ ದಪ್ಪಕ್ಕೆ ಹಸಿ ಮಣ್ಣು ತುಂಬಿದರೆ ತೂಕ 450 ಕಿಲೋ ಮೀರುತ್ತದೆ. ತಾರಸಿಯ ನಡುವೆ ಮಣ್ಣು ಸುರಿಯುವುದು ಅಪಾಯ. ಗೋಡೆಯ ಮತ್ತು ತೊಲೆಯ ನೇರಕ್ಕೆ ಕುಂಡ ಅಥವಾ ಚೀಲಗಳನ್ನು ಸಾಲಾಗಿ ಇಟ್ಟು, ಕೆಮ್ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಮೂರನ್ನೂ ಸಮಭಾಗ ಬೆರೆಸಿ ತುಂಬಿದರೆ ಭಾರ ಕಡಮೆಯಾಗುತ್ತದೆ. ನಮ್ಮ ಜಿಲ್ಲೆಯ ನಾರಿನ ಘಟಕಗಳಲ್ಲಿ ಈ ಪುಡಿಗೆ ಬರವಿಲ್ಲ. ಆದರೆ ಹೊಸ ಪುಡಿಯಲ್ಲಿ ಉಪ್ಪು ಮತ್ತು ಒಗರು ಇರುವುದರಿಂದ ಎರಡು ಮೂರು ಬಾರಿ ನೀರಿನಲ್ಲಿ ತೊಳೆದು ಅಥವಾ ಕೊಳೆಯಿಸಿಯೇ ಬಳಸತಕ್ಕದ್ದು.

ತೋಟದ ಕಸವೇ ಹಿತ್ತಲ ಗೊಬ್ಬರ

ಅಡಿಕೆ ತೋಟದಿಂದ ಗರಿ, ಹಾಳೆ, ಗೊನೆಯ ದಂಟು, ಸಿಪ್ಪೆ ಎಲ್ಲ ಸೇರಿ ಎಕರೆಗೆ ವರ್ಷಕ್ಕೆ ಎರಡು ಟನ್ನಿಗೂ ಹೆಚ್ಚು ಕಸ ಸಿಗುತ್ತದೆ. ಇದರಲ್ಲಿ ಬಹುಪಾಲು ಬದುವಿನ ಮೇಲೆ ಒಣಗುತ್ತದೆ. ಸಿಪ್ಪೆಯಂತೂ ರಸ್ತೆಯ ಬದಿಯಲ್ಲಿ ರಾಶಿ ಬಿದ್ದು, ಕೊನೆಗೆ ಯಾರೋ ಬೆಂಕಿ ಇಟ್ಟು ವಾರಗಟ್ಟಲೆ ಹೊಗೆಯಾಡುತ್ತದೆ. ಹಿತ್ತಲಿಗೆ ಗೊಬ್ಬರವಿಲ್ಲ ಎನ್ನುವವರ ತೋಟದ ಗೊಬ್ಬರವೇ ಹೀಗೆ ಹೊಗೆಯಾಗಿ ಹೋಗುತ್ತಿದೆ. ಬೆಳೆಯನ್ನು ಚೇಣಿಗೆ ಕೊಡುವವರು ಮಾತುಕತೆಯ ಹೊತ್ತಿನಲ್ಲೇ "ಸಿಪ್ಪೆ ನಮ್ಮ ತೋಟಕ್ಕೇ ಹಿಂದಿರುಗಬೇಕು" ಎಂದು ಹೇಳಿಬಿಡುವುದು ಒಳ್ಳೆಯದು.

ಆರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳದ ಎರಡು ಗುಂಡಿಗಳನ್ನು ಅಕ್ಕಪಕ್ಕದಲ್ಲಿ ತೆಗೆಯಿರಿ. ಮೇಲೆ ಮರದ ನೆರಳಿರಲಿ. ಗರಿ ಮತ್ತು ಹಾಳೆಯನ್ನು ಕುಡುಗೋಲಿನಿಂದ ಗೇಣುದ್ದಕ್ಕೆ ಕತ್ತರಿಸಿ ಹಾಕಬೇಕು. ಒಣಗಿದ ಸಿಪ್ಪೆ ಸುಲಭವಾಗಿ ನೀರು ಕುಡಿಯುವುದಿಲ್ಲವಾದ್ದರಿಂದ ಒಂದು ರಾತ್ರಿ ನೆನೆಹಾಕಿ ಬಳಸಿ. ಅರ್ಧ ಅಡಿ ಕಸ, ಅದರ ಮೇಲೆ ಸಗಣಿ ಬಗ್ಗಡ, ಅದರ ಮೇಲೆ ಎರಡು ಬೊಗಸೆ ಹಳೆಯ ಗೊಬ್ಬರ ಮತ್ತು ತೆಳ್ಳಗೆ ಮಣ್ಣು, ಹೀಗೆ ಪದರ ಪದರವಾಗಿ ತುಂಬುತ್ತ ಬರಬೇಕು. ಅಡುಗೆಮನೆಯ ತರಕಾರಿ ಸಿಪ್ಪೆ, ಕಾಫಿ ಚರಟ, ಒಲೆಯ ಬೂದಿ ಎಲ್ಲವೂ ಇದಕ್ಕೆ ಸಲ್ಲುತ್ತವೆ. ಪ್ಲಾಸ್ಟಿಕ್ ಮತ್ತು ಗಾಜಿನ ಚೂರು ಬೇಡ. ಒಂದು ಗುಂಡಿ ತುಂಬುವ ಆರು ತಿಂಗಳಲ್ಲಿ ಇನ್ನೊಂದು ಗುಂಡಿಯ ಗೊಬ್ಬರ ಹಣ್ಣಾಗುತ್ತದೆ. ತಿಂಗಳಿಗೊಮ್ಮೆ ಹಾರೆಯಿಂದ ಎರಡು ಮೂರು ಕಡೆ ತೂತು ಹಾಕಿ ಗಾಳಿ ಆಡಿಸಿದರೆ ನಾತ ಬರುವುದಿಲ್ಲ. ಕೊಳೆಯದೆ ಉಳಿದ ಸಿಪ್ಪೆಯನ್ನು ಜರಡಿಯಾಡಿ ತೆಗೆದು ಮತ್ತೆ ಗುಂಡಿಗೇ ಹಾಕಿ.

ಕತ್ತರಿಸಿದ ಗರಿಯನ್ನು ಪಾತಿಯ ಮೇಲೆ ಎರಡು ಅಂಗುಲ ದಪ್ಪ ಹೊದಿಸುವುದನ್ನು ಮಾತ್ರ ಮರೆಯಬಾರದು. ಮೇಲೆ ಹೇಳಿದ ನೀರಿನ ಲೆಕ್ಕ ಈ ಹೊದಿಕೆಯನ್ನು ನಂಬಿ ಹಾಕಿದ್ದು. ಬರಿಯ ನೆಲಕ್ಕೆ ಅಷ್ಟು ನೀರು ಸಾಲದು.

ಹಾಳೆಗೆ ಇನ್ನೊಂದು ಉಪಯೋಗವಿದೆ. ಅಗಲವಾದ ಹಾಳೆಯನ್ನು ನೆನೆಹಾಕಿ, ಎರಡು ತುದಿಗಳನ್ನು ಮಡಿಸಿ ಕಡ್ಡಿ ಚುಚ್ಚಿದರೆ ಒಳ್ಳೆಯ ಸಸಿ ತೊಟ್ಟಿಲಾಗುತ್ತದೆ. ತಳದಲ್ಲಿ ನಾಲ್ಕು ತೂತು ಮಾಡಿ, ಮಣ್ಣು ಮತ್ತು ಪುಡಿಗೊಬ್ಬರ ತುಂಬಿ, ಬದನೆ, ಟೊಮೆಟೊ, ಮೆಣಸಿನಕಾಯಿ ಬೀಜ ಚೆಲ್ಲಿ. ಟೊಮೆಟೊ ಮತ್ತು ಬದನೆ ಸುಮಾರು ನಾಲ್ಕು ವಾರಕ್ಕೆ, ಮೆಣಸಿನಕಾಯಿ ಆರು ವಾರದ ಹೊತ್ತಿಗೆ ನಾಟಿಗೆ ಬರುತ್ತವೆ.

ಯಾವ ಮಳೆಗೆ ಯಾವ ಕೆಲಸ

ನಮ್ಮ ಸೀಮೆಯ ಮಳೆ ಮಲೆನಾಡಿನಂತೆ ಆಷಾಢದಲ್ಲಿ ಸುರಿಯುವುದಿಲ್ಲ. ಮುಂಗಾರು ಮುಂಚಿನ ಗುಡುಗು ಮಳೆ ಒಂದಿಷ್ಟು, ಆಮೇಲೆ ತುಂತುರು, ಜೋರಾದ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕೈತೋಟದ ಕೆಲಸವೂ ಇದಕ್ಕೆ ಹೊಂದಿಕೊಂಡಿರಬೇಕು.

ಭರಣಿ, ಕೃತ್ತಿಕೆ ಮಳೆಗೆ ಪಾತಿ ಅಗೆದು ಗೊಬ್ಬರ ಬೆರೆಸುವುದು. ಸೋರೆ, ಹೀರೆ, ಹಾಗಲ, ಕುಂಬಳದ ಗುಣಿ ತೆಗೆದು ಬೀಜ ಊರುವುದು. ಹಾಳೆಯ ತೊಟ್ಟಿಲಿನಲ್ಲಿ ಸಸಿ ಬಿಡುವುದು.

ರೋಹಿಣಿ, ಮೃಗಶಿರಕ್ಕೆ ಬದನೆ, ಮೆಣಸಿನಕಾಯಿ ನಾಟಿ. ಬೆಂಡೆ, ಗೋರಿಕಾಯಿ ಬಿತ್ತನೆ. ನುಗ್ಗೆ ಕೊಂಬೆ ನೆಡಲೂ ಇದು ಸಮಯ.

ಪುನರ್ವಸು, ಪುಷ್ಯಕ್ಕೆ ಬೇಲಿಯುದ್ದಕ್ಕೂ ಅವರೆ. ನಾಟಿ ಅವರೆಯನ್ನು ಎಂದು ಬಿತ್ತಿದರೂ ಹಗಲು ಗಿಡ್ಡವಾಗಿ ಚಳಿ ಬಿದ್ದ ಮೇಲೆಯೇ ಅದು ಹೂ ಬಿಡುತ್ತದೆ. ಮಾಗಿಯ ಮಂಜಿನಲ್ಲಿ ಸೊಗಡು ತುಂಬುವುದೂ ಆಗಲೇ. ಎಲ್ಲ ಕಾಲದಲ್ಲೂ ಅವರೆ ಬೇಕೆನ್ನುವವರು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ ತಳಿಗಳಾದ ಎಚ್.ಎ.–3, ಎಚ್.ಎ.–4 ಹಾಕಬಹುದು. ಅವಕ್ಕೆ ಹಗಲಿನ ಉದ್ದದ ಹಂಗಿಲ್ಲ. ಆದರೆ ಸೊಗಡಿಗೆ ನಾಟಿಯೇ ಸರಿ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ.

ಹಸ್ತ, ಚಿತ್ತೆಯಲ್ಲಿ ಹೊಸ ಬಿತ್ತನೆ ಬೇಡ. ಬಸಿಗಾಲುವೆ ಬಿಡಿಸುವುದು, ಬಿದ್ದ ಗಿಡಗಳಿಗೆ ಆಸರೆ ಕೊಡುವುದು, ಕಳೆ ತೆಗೆಯುವುದು ಇಷ್ಟೇ ಕೆಲಸ. ಸ್ವಾತಿ ಕಳೆದು ಬಾನು ತಿಳಿಯಾದ ಮೇಲೆ ಮೆಂತ್ಯ, ಪಾಲಕ್, ಕೊತ್ತಂಬರಿ, ಮೂಲಂಗಿ, ಕ್ಯಾರೆಟ್ ಬಿತ್ತಿ. ವರ್ಷದಲ್ಲಿ ಹಿತ್ತಲು ತುಂಬಿ ತುಳುಕುವ ಕಾಲ ಇದು.

ಶಿವರಾತ್ರಿ ದಾಟಿದ ಮೇಲೆ ಎರಡು ಪಾತಿಗಳಿಗಷ್ಟೇ ಪೂರ್ತಿ ನೀರು ಕೊಟ್ಟು, ಅಡಿಕೆ ಗರಿಯ ತೆಳು ನೆರಳಿನ ಕೆಳಗೆ ದಂಟು, ಹರಿವೆ, ಬಸಳೆ ಉಳಿಸಿಕೊಂಡರೆ ಸಾಕು. ಉಳಿದ ಪಾತಿಗಳಿಗೆ ಹೊದಿಕೆ ಹಾಕಿ ವಿಶ್ರಾಂತಿ ಕೊಡಬಹುದು. ಬರದ ವರ್ಷದಲ್ಲೂ ಹಿತ್ತಲನ್ನು ಪೂರ್ತಿ ಒಣಗಿಸದೆ ಈ ಎರಡು ಪಾತಿಗಳ ಮಟ್ಟಕ್ಕೆ ಇಳಿಸುವುದು ಜಾಣತನ.

ಸೊಪ್ಪಿನ ವಿಷಯದಲ್ಲಿ ಒಂದು ಮಾತು. ಒಂದೇ ದಿನ ಎಲ್ಲವನ್ನೂ ಬಿತ್ತಿದರೆ ಒಂದು ವಾರ ಸೊಪ್ಪೇ ಸೊಪ್ಪು, ಆಮೇಲೆ ಬರಿದು. ಪಾತಿಯನ್ನು ನಾಲ್ಕು ಭಾಗ ಮಾಡಿ ವಾರಕ್ಕೊಂದು ಭಾಗ ಬಿತ್ತಿರಿ. ದಂಟಿನ ಸೊಪ್ಪು ಸುಮಾರು ನಾಲ್ಕು ವಾರಕ್ಕೆ ಕೊಯ್ಲಿಗೆ ಬರುವುದರಿಂದ, ಕೊನೆಯ ಭಾಗ ಬಿತ್ತಿದ ಮುಂದಿನ ವಾರಕ್ಕೆ ಮೊದಲನೆಯದು ಬಸ್ಸಾರಿಗೆ ಸಿದ್ಧವಾಗಿರುತ್ತದೆ. ಕರಿಬೇವು, ಚಕ್ರಮುನಿ, ದೊಡ್ಡಪತ್ರೆ, ಒಂದೆಲಗ ಮುಂತಾದವನ್ನು ಬಚ್ಚಲ ಕಾಲುವೆಯಿಂದ ದೂರ ಒಂದು ಮೂಲೆಯಲ್ಲಿ ನೆಟ್ಟುಬಿಟ್ಟರೆ ಮತ್ತೆ ಬಿತ್ತುವ ಕೆಲಸವಿಲ್ಲ.

ಹಣ್ಣು, ತರಕಾರಿ ಎರಡೂ ಸೇರಿ ಪ್ರತಿಯೊಬ್ಬರೂ ದಿನಕ್ಕೆ ಕನಿಷ್ಠ 400 ಗ್ರಾಂ ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಐದು ಜನರ ಮನೆಗೆ ದಿನಕ್ಕೆ ಎರಡು ಕಿಲೋ ಆಯಿತು. ಇಷ್ಟು ಸಣ್ಣ ಹಿತ್ತಲು ಅಷ್ಟನ್ನೂ ಕೊಡುತ್ತದೆಂದು ಹೇಳುವುದಿಲ್ಲ. ಈರುಳ್ಳಿ, ಆಲೂಗಡ್ಡೆಗೆ ಸಂತೆಗೆ ಹೋಗಲೇಬೇಕು. ಆದರೆ ಮುದ್ದೆಯ ಜೊತೆಗೆ ದಿನವೂ ಒಂದು ಹಿಡಿ ಹಸಿರು ಸೊಪ್ಪು ಮಕ್ಕಳ ತಟ್ಟೆಗೆ ಬೀಳುವುದಕ್ಕೆ ಇಷ್ಟು ನೆಲ ಸಾಕು.

ಚಪ್ಪರ ಮತ್ತು ಅಂಚಿನ ಮರಗಳು

ಚಪ್ಪರಕ್ಕೆ ಹಣ ಕೊಟ್ಟು ಸಾಮಾನು ತರುವ ಅಗತ್ಯ ಅಡಿಕೆ ಬೆಳೆಗಾರರಿಗಿಲ್ಲ. ಬಿದ್ದ ಮರದ ದಬ್ಬೆ ಸಾಕು. ನೆಲಕ್ಕೆ ಹೂಳುವ ಒಂದೂವರೆ ಅಡಿಯನ್ನು ಬೆಂಕಿಯಲ್ಲಿ ಮೇಲಿಂದ ಮೇಲೆ ಸುಟ್ಟು ಕರಿ ಮಾಡಿದರೆ ಗೆದ್ದಲಿನ ಕಾಟ ಕಡಮೆ. ಎತ್ತರ ಆರು ಅಡಿ ಇರಲಿ. ಮನೆಯ ಹೆಂಗಸರು ಕೈಯೆತ್ತಿದರೆ ಕಾಯಿ ಸಿಗುವಂತಿರಬೇಕು. ಬಚ್ಚಲ ಕಾಲುವೆಯ ಬದಿಗೆ ಚಪ್ಪರದ ಒಂದು ಸಾಲು ಕಂಬ ಬಂದರೆ ಬಳ್ಳಿಗೆ ಬೇರೆ ನೀರು ಬೇಡ.

ಸೋರೆ, ಕುಂಬಳದಲ್ಲಿ ಪಿಂದೆ ಕಟ್ಟದೆ ಉದುರುವುದು ಸಾಮಾನ್ಯ ದೂರು. ಜೇನುನೊಣ ಕಡಮೆಯಾದಾಗ ಹೀಗಾಗುತ್ತದೆ. ಗಂಡು ಹೂವನ್ನು ಕಿತ್ತು, ಅದರ ಧೂಳನ್ನು ಬುಡದಲ್ಲಿ ಸಣ್ಣ ಕಾಯಿ ಹೊತ್ತ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿದರೆ ಕಾಯಿ ನಿಲ್ಲುತ್ತದೆ. ಕುಂಬಳದ ಹೂ ಅರಳುವುದು ಬೆಳಗಿನ ಜಾವ, ಸೋರೆಯದು ಸಂಜೆ. ಹೊತ್ತು ತಿಳಿದು ಮಾಡಬೇಕು.

ಮರಗಳನ್ನು ಹಿತ್ತಲಿನ ಉತ್ತರ ಇಲ್ಲವೇ ಪಡುವಣ ಅಂಚಿಗೆ ನೆಡಿ. ಮೂಡಣ ಮತ್ತು ತೆಂಕಣ ಬಿಸಿಲು ಪಾತಿಗೆ ಬೀಳಲಿ. ಒಂದು ನುಗ್ಗೆ, ಒಂದು ನಿಂಬೆ, ಎರಡು ಪರಂಗಿ ಸಾಕು. ನುಗ್ಗೆಯನ್ನು ಕಾಯಿ ಮುಗಿದ ಮೇಲೆ ಎದೆಯೆತ್ತರಕ್ಕೆ ಕಡಿದರೆ ಹೊಸ ಚಿಗುರು ಕೈಗೆಟುಕುವಂತೆ ಬರುತ್ತದೆ.

ಜಾಗವಿದ್ದವರು ಗೋಡೆಯಿಂದ ಹದಿನೈದಿಪ್ಪತ್ತು ಅಡಿ ದೂರದಲ್ಲಿ ಒಂದು ಕಸಿ ಹಲಸು ನೆಡಬೇಕು. ಹಲಸಿನ ವ್ಯಾಪಾರಕ್ಕೆ ಹೆಸರಾದ ಚೇಳೂರು ಇರುವುದು ಗುಬ್ಬಿ ತಾಲ್ಲೂಕಿನಲ್ಲೇ. ಅಲ್ಲಿನ ಒಂದು ರೈತ ಕುಟುಂಬದ ಜಮೀನಿನಲ್ಲಿದ್ದ ಒಂಟಿ ಮರದ ಹಣ್ಣಿನಲ್ಲಿ ತಾಮ್ರಗೆಂಪು ಬಣ್ಣದ ತೊಳೆಗಳಿದ್ದವು. ಹಣ್ಣು ಸುಮಾರು ಎರಡೂವರೆ ಕಿಲೋ ತೂಗುವಷ್ಟು ಚಿಕ್ಕದು; ಒಂದು ಮನೆಗೆ ಒಂದು ಹೊತ್ತಿಗೆ ಸರಿಯಾಗುವಂಥದ್ದು. ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರದ ವಿಜ್ಞಾನಿಗಳು ಇದರ ಗುಣವನ್ನು ಗುರುತಿಸಿದರು. 2017ರಲ್ಲಿ ಸಂಸ್ಥೆ ಆ ಕುಟುಂಬದೊಡನೆ ಒಪ್ಪಂದ ಮಾಡಿಕೊಂಡು ಕಸಿ ಗಿಡಗಳನ್ನು ಬೆಳೆಸಿ ಹಂಚುವ ವ್ಯವಸ್ಥೆ ಮಾಡಿತು. ಮರ ನೆಟ್ಟ ಹಿರಿಯರಾದ ಸಿದ್ದಪ್ಪನವರ ನೆನಪಿಗೆ ತಳಿಯ ಹೆಸರು 'ಸಿದ್ದು' ಎಂದಾಯಿತು. ಆ ಮರದಿಂದ ಕುಟುಂಬಕ್ಕೆ ಬಂದ ವರಮಾನ ನಾಡಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ತೋಟದ ಸಾಲಿಗೆ ಅಡ್ಡವೆಂದು ಅದನ್ನು ಎಂದೋ ಕಡಿದಿದ್ದರೆ ಇಂದು ಆ ತಳಿಯೇ ಇರುತ್ತಿರಲಿಲ್ಲ. ನಮ್ಮ ನಿಮ್ಮ ಹಿತ್ತಲಿನ ಮೂಲೆಯಲ್ಲಿ ಹೆಸರಿಲ್ಲದೆ ನಿಂತಿರುವ ಹಲಸು, ಮಾವು, ನಿಂಬೆಗಳನ್ನು ಕಡಿಯುವ ಮುನ್ನ ಈ ಸಂಗತಿಯನ್ನು ನೆನೆಯಬೇಕು. ಬೀಜದಿಂದ ಬಂದ ಹಲಸು ತಾಯಿಮರದಂತೆಯೇ ಇರುತ್ತದೆಂಬ ಭರವಸೆಯಿಲ್ಲ. ಕಸಿ ಗಿಡ ತಾಯಿಯ ಗುಣವನ್ನೇ ಪಡೆಯುತ್ತದೆ, ಫಲಕ್ಕೂ ಬೇಗ ಬರುತ್ತದೆ.

ಹುಳು ಮತ್ತು ರೋಗ

ಮೊದಲ ಎಚ್ಚರಿಕೆ: ತೋಟಕ್ಕೆ ತಂದ ಔಷಧ ಹಿತ್ತಲಿಗೆ ಬೇಡ. ಅಡಿಕೆಗೆ ಹೊಡೆದು ಮಿಕ್ಕಿದ್ದನ್ನು ಬದನೆಗೆ ಹೊಡೆಯುವ ಅಭ್ಯಾಸ ಕೆಲವು ಕಡೆ ಇದೆ. ನಾಳೆ ಕಿತ್ತು ಸಾರಿಗೆ ಹಾಕುವ ಕಾಯಿಗೆ ಇಂದು ವಿಷ ಹೊಡೆಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಕಳೆನಾಶಕ ಹೊಡೆದ ಪಂಪನ್ನು ಎಷ್ಟು ತೊಳೆದರೂ ತಳದಲ್ಲಿ ಅಂಶ ಉಳಿದು ಹಿತ್ತಲ ಗಿಡಗಳು ಸುಟ್ಟುಹೋಗಬಹುದು. ಹಿತ್ತಲಿಗೆಂದೇ ಒಂದು ಸಣ್ಣ ಕೈಪಂಪು ಬೇರೆ ಇಡಿ. ಪಕ್ಕದ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸುವ ದಿನ ಸೊಪ್ಪಿನ ಪಾತಿಯನ್ನು ಟಾರ್ಪಾಲಿನಿಂದ ಮುಚ್ಚಿಸಿ.

ಇಷ್ಟು ಸಣ್ಣ ಜಾಗದಲ್ಲಿ ಕಣ್ಣು ಮತ್ತು ಕೈಯೇ ಒಳ್ಳೆಯ ಔಷಧ. ಬದನೆಯ ಕುಡಿ ಬಾಡಿ ಬಗ್ಗಿದರೆ ಒಳಗೆ ಕೊರಕ ಹುಳು ಇದೆ ಎಂದೇ ಅರ್ಥ. ಆ ಕುಡಿಯನ್ನು ಚಿವುಟಿ ಸುಡಬೇಕು. ಹೀರೆ, ಹಾಗಲದಲ್ಲಿ ಹಣ್ಣುನೊಣ ಚುಚ್ಚಿದ ಕಾಯಿಗಳನ್ನು ಹಾಗೆಯೇ ನೆಲಕ್ಕೆ ಬೀಳಲು ಬಿಟ್ಟರೆ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಅವನ್ನು ಹೆಕ್ಕಿ ಬಕೆಟ್ ನೀರಿನಲ್ಲಿ ಮುಳುಗಿಸಿ, ಆಮೇಲೆ ಆಳಕ್ಕೆ ಹೂಳಿ. ಎಳೆಗಾಯಿಗೆ ಕಾಗದದ ಕೊಟ್ಟೆ ಕಟ್ಟಿದರೆ ನೊಣ ಮುಟ್ಟುವುದಿಲ್ಲ. ಅವರೆಯ ಹೇನಿಗೆ ಬೆಳಗಿನ ಇಬ್ಬನಿಯಲ್ಲಿ ಜರಡಿಯಾಡಿದ ಬೂದಿ ಎರಚುವ ಹಳೆಯ ಕ್ರಮ ಈಗಲೂ ಸಲ್ಲುತ್ತದೆ.

ಇದಕ್ಕೂ ಬಗ್ಗದಿದ್ದರೆ ಬೇವಿನ ಬೀಜದ ಕಷಾಯ. ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಹಿಂಡಿ ಸೋಸಿ, ಚಿಟಿಕೆ ಸಾಬೂನು ಬೆರೆಸಿ, ಸಂಜೆಯ ಹೊತ್ತು ಎಲೆಯ ಕೆಳಬದಿಗೂ ತಾಗುವಂತೆ ಸಿಂಪಡಿಸಬೇಕು.

2016ರಲ್ಲಿ ದಕ್ಷಿಣ ಭಾರತದಲ್ಲಿ ಮೊದಲು ಕಂಡ ಸುರುಳಿ ಬಿಳಿನೊಣ ನಮ್ಮ ತೆಂಗಿಗೂ ಬಂದಿದೆ. ಹಿತ್ತಲಿನ ಬಾಳೆ, ಸೀಬೆಗಳೂ ಅದಕ್ಕೆ ಆಶ್ರಯ. ಎಲೆಯ ತಳದಲ್ಲಿ ಬಿಳಿಯ ಸುರುಳಿ, ಮೇಲೆ ಮಸಿಯಂತಹ ಕಪ್ಪು ಕಂಡರೆ ಗಾಬರಿಯಾಗಿ ವಿಷ ಹೊಡೆಯಬಾರದು. ಈ ನೊಣದ ಮರಿಗಳನ್ನು ಒಳಗಿನಿಂದಲೇ ತಿನ್ನುವ ಸಣ್ಣ ಪರಾವಲಂಬಿ ಕೀಟವೊಂದಿದೆ. ವಿಷಕ್ಕೆ ಮೊದಲು ಸಾಯುವುದು ಅದು. ರಭಸವಾಗಿ ನೀರು ಹಾಯಿಸಿ ತೊಳೆಯುವುದು, ತೀರಾ ಕೆಟ್ಟ ಎಲೆಯನ್ನು ತೆಗೆಯುವುದು, ಬೇವಿನ ಕಷಾಯ ಇವಿಷ್ಟರಲ್ಲಿ ನಿಲ್ಲಿಸುವುದು ಮೇಲು.

ಬೀಜದ ಮಡಕೆ

ಹಿತ್ತಲು ಹೋದಾಗ ತರಕಾರಿಯೊಂದಿಗೆ ಬೀಜವೂ ಹೋಗುತ್ತದೆ. ಅತ್ತೆಯಿಂದ ಸೊಸೆಗೆ, ತವರಿನಿಂದ ಗಂಡನ ಮನೆಗೆ ಬಂದ ಬದನೆ, ಸೋರೆ, ಅವರೆಯ ಬೀಜಗಳು ಎರಡು ವರ್ಷ ಬಿತ್ತದಿದ್ದರೆ ಮಡಕೆಯಲ್ಲೇ ಶಕ್ತಿ ಕಳೆದುಕೊಳ್ಳುತ್ತವೆ. ಅಂಗಡಿಯ ಹೈಬ್ರಿಡ್ ಬೀಜದಿಂದ ಬಂದ ಕಾಯಿಯ ಬೀಜವನ್ನು ಉಳಿಸಿ ಬಿತ್ತಿದರೆ ಮುಂದಿನ ಪೈರು ಒಂದೇ ತರ ಬರುವುದಿಲ್ಲ. ಆದ್ದರಿಂದ ನಾಟಿ ಬೀಜ ಅಥವಾ ಸರ್ಕಾರಿ ಸಂಸ್ಥೆಗಳು ಕೊಡುವ ಹೈಬ್ರಿಡ್ ಅಲ್ಲದ ಸುಧಾರಿತ ತಳಿಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಬೀಜಕ್ಕೆ ಬಿಡುವ ಕಾಯಿ ರೋಗವಿಲ್ಲದ, ಚೆನ್ನಾಗಿ ಫಲ ಕೊಟ್ಟ ಗಿಡದ್ದಾಗಿರಬೇಕು. ದಾರ ಕಟ್ಟಿ ಗುರುತು ಮಾಡಿ, ಪೂರ್ತಿ ಬಲಿಯಲು ಬಿಡಿ. ತೆಗೆದ ಬೀಜವನ್ನು ಮೊರದಲ್ಲಿ ಹರವಿ ನೆರಳಿನಲ್ಲಿ ಒಣಗಿಸಿ, ಆಮೇಲೆ ಒಂದೆರಡು ಹೊತ್ತು ಎಳೆಬಿಸಿಲು ತೋರಿಸಿ, ತಣ್ಣಗಾದ ಒಲೆಬೂದಿಯಲ್ಲಿ ಬೆರೆಸಿ ಬಾಯಿ ಬಿಗಿಯಾದ ಡಬ್ಬಿಯಲ್ಲಿಡಿ. ಡಬ್ಬಿಯ ಮೇಲೆ ಬೀಜದ ಹೆಸರು, ವರ್ಷ ಬರೆಯುವುದು ಅಗತ್ಯ. ನೆರೆಯ ಎರಡು ಮೂರು ಮನೆಗಳಿಗೂ ಒಂದೊಂದು ಹಿಡಿ ಕೊಟ್ಟಿರಿ. ನಿಮ್ಮಲ್ಲಿ ಕೆಟ್ಟರೆ ಅವರಲ್ಲಿ ಉಳಿದಿರುತ್ತದೆ.

ದಿನ, ವಾರ, ತಿಂಗಳು

ದಿನಗೆಲಸ: ಬೆಳಿಗ್ಗೆ ಇಪ್ಪತ್ತು ನಿಮಿಷ ಒಂದು ಸುತ್ತು. ಬೆಳೆದದ್ದನ್ನು ಕೊಯ್ಯುವುದು, ಹುಳು ಕಂಡರೆ ಹೆಕ್ಕುವುದು. ಸ್ನಾನಗಳು ಮುಗಿಯುವಷ್ಟರಲ್ಲಿ ಕಾಲುವೆಯ ಬಾಯನ್ನು ಅಂದಿನ ಪಾತಿಗೆ ತಿರುಗಿಸುವುದು. ಸಂಜೆ ಸೊಪ್ಪಿಗೆ ಒಳ್ಳೆಯ ನೀರು.

ವಾರದ ಕೆಲಸ: ಕಳೆ ಕೀಳುವುದು, ಬಳ್ಳಿಯನ್ನು ಚಪ್ಪರಕ್ಕೆ ಹತ್ತಿಸುವುದು, ಸೊಪ್ಪಿನ ಒಂದು ಭಾಗ ಬಿತ್ತುವುದು, ಸೋಸುವ ನಾರು ಬದಲಾಯಿಸುವುದು.

ತಿಂಗಳ ಕೆಲಸ: ಸೋಸುಗುಂಡಿಯ ಮರಳು ಕೆದಕುವುದು, ಹೊದಿಕೆ ಹೊಸದು ಹಾಕುವುದು, ಗೊಬ್ಬರದ ಗುಂಡಿಗೆ ಗಾಳಿ ಆಡಿಸುವುದು, ಖಾಲಿಯಾದ ಪಾತಿ ಅಗೆಯುವುದು. ಒಂದೇ ಪಾತಿಗೆ ಬದನೆ, ಟೊಮೆಟೊ, ಮೆಣಸಿನಕಾಯಿಗಳನ್ನು ಒಂದರ ಹಿಂದೊಂದು ಹಾಕಬೇಡಿ. ಮೂರೂ ಒಂದೇ ಕುಲದವು, ರೋಗವೂ ಒಂದೇ. ನಡುವೆ ಸೊಪ್ಪು ಅಥವಾ ಅವರೆ, ಹುರುಳಿಕಾಯಿ ಬರಲಿ.

ಕಾಫಿ ನಾಡಿನ ನಮ್ಮ ಓದುಗರಿಗೆ ಇಲ್ಲಿನ ನೀರಿನ ಮಾತು ಹೊಸದೆನಿಸಬಹುದು. ಅವರ ಹಿತ್ತಲಿನ ತೊಂದರೆ ಮಳೆಗಾಲದ ಅತಿನೀರು. ಅವರು ಏರುಮಡಿಯ ಭಾಗವನ್ನು, ಗೊಬ್ಬರದ ಭಾಗವನ್ನು ನೋಡಿಕೊಂಡರೆ ಸಾಕು. ಅಡಿಕೆ ಸಿಪ್ಪೆಯ ಬದಲು ಕಾಫಿ ಹಣ್ಣಿನ ಸಿಪ್ಪೆಯನ್ನು ಸಗಣಿಯೊಡನೆ ಚೆನ್ನಾಗಿ ಕೊಳೆಯಿಸಿ ಬಳಸಬಹುದು.

ಕೆಲಸ ಯಾರದು?

ಕೊನೆಯದಾಗಿ ಒಂದು ಮುಖ್ಯ ಮಾತು. ಹಿತ್ತಲು ಹೆಂಗಸರ ಪಾಲು ಎಂದು ಬಿಟ್ಟುಬಿಡುವುದು ನಮ್ಮಲ್ಲಿ ರೂಢಿ. ಬೀಜ ಉಳಿಸಿದವರೂ ಅವರೇ, ನೀರು ಹೊತ್ತವರೂ ಅವರೇ. ಆದರೆ ಎಲ್ಲಿ ಏನು ನೆಡಬೇಕು, ಪೈಪು ಎಲ್ಲಿಗೆ ಎಳೆಯಬೇಕು, ಅಡಿಕೆಯ ಸಾಲು ಎಲ್ಲಿಗೆ ನಿಲ್ಲಬೇಕು ಎಂಬ ತೀರ್ಮಾನದ ಹೊತ್ತಿನಲ್ಲಿ ಅವರನ್ನು ಕೇಳುವವರು ಕಡಮೆ. ಗುಂಡಿ ತೋಡುವುದು, ಚಪ್ಪರ ಹಾಕುವುದು, ಗೊಬ್ಬರ ಹೊರುವುದು ಗಂಡಸರ ಕೆಲಸವಾಗಲಿ. ಅಡುಗೆಮನೆಯ ಹಿಂದಿನ ಇಪ್ಪತ್ತು ಅಡಿಯ ಮೇಲೆ ಮನೆಯೊಡತಿಯ ಮಾತು ನಡೆಯಲಿ. ದುಡಿಮೆ ಮಾತ್ರ ಅವರದು, ತೀರ್ಮಾನ ಇನ್ನೊಬ್ಬರದು ಎಂದಾದರೆ ಹಿತ್ತಲು ಎರಡು ವರ್ಷವೂ ಉಳಿಯುವುದಿಲ್ಲ.

ಅಡಿಕೆಯ ಲೆಕ್ಕ ಸಂಘದ ಪಾಸ್‌ಬುಕ್ಕಿನಲ್ಲಿ ಬರುತ್ತದೆ. ಹಿತ್ತಲಿನ ಲೆಕ್ಕ ಎಲ್ಲೂ ಬರುವುದಿಲ್ಲ. ಆದ್ದರಿಂದಲೇ ಅದು ಲೆಕ್ಕಕ್ಕೆ ಇಲ್ಲವೆಂದು ತೋರುತ್ತದೆ. ಒಂದು ಹಳೆಯ ನೋಟ್ ಪುಸ್ತಕವನ್ನು ಅಡುಗೆಮನೆಯ ಗೂಟಕ್ಕೆ ತೂಗುಹಾಕಿ, ದಿನವೂ ಹಿತ್ತಲಿನಿಂದ ಬಂದದ್ದನ್ನು ಅಂದಿನ ಸಂತೆಯ ಬೆಲೆಗೆ ಬರೆದಿಡಿ. ಬರೆಯುವ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ಒಪ್ಪಿಸಬಹುದು. ಯುಗಾದಿಯಿಂದ ಯುಗಾದಿಗೆ ಕೂಡಿಸಿ, ಆ ಜಾಗದಲ್ಲಿ ನಿಲ್ಲಬಹುದಾಗಿದ್ದ ನಾಲ್ಕೈದು ಅಡಿಕೆ ಮರಗಳ ಆದಾಯದ ಪಕ್ಕದಲ್ಲಿಟ್ಟು ನೋಡಿ. ನಿರ್ಣಯ ನಿಮಗೇ ಬಿಟ್ಟದ್ದು.

ಹೆಚ್ಚಿನ ತಿಳಿವಳಿಕೆಗೆ ಹಿರೇಹಳ್ಳಿ ಮತ್ತು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳನ್ನು, ತಾಲ್ಲೂಕಿನ ತೋಟಗಾರಿಕೆ ಇಲಾಖೆಯನ್ನು ಕೇಳಬಹುದು. ಬಚ್ಚಲು ಗುಂಡಿ, ಕೈತೋಟಕ್ಕೆ ನೆರವು ಇದೆಯೇ ಎಂದು ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸುವುದೂ ಒಳ್ಳೆಯದು. ಎಲ್ಲವನ್ನೂ ಒಟ್ಟಿಗೆ ಮಾಡಲು ಹೊರಡಬೇಡಿ. ಈ ವಾರ ಸೋಸುಗುಂಡಿ, ಮುಂದಿನ ವಾರ ಒಂದು ಗೊಬ್ಬರದ ಗುಂಡಿ, ಆಮೇಲೆ ಒಂದೇ ಒಂದು ಸೊಪ್ಪಿನ ಪಾತಿ. ಅಷ್ಟು ನೆಲೆ ನಿಂತರೆ ಉಳಿದ ನಾಲ್ಕು ಪಾತಿಗಳು ತಾವಾಗಿಯೇ ಬರುತ್ತವೆ.